ಮಂಜಿನಲ್ಲಿ ಕುರುಡು ಗೌರಿ

ಗೆಳೆಯರೇ, ಇವತ್ತು ಊಟಿಯ ಮೇಲಿನ ಗುಡ್ಡಕ್ಕೆ ನಾನು, ಹೆಂಡತಿ ರುಕ್ಮಿಣಿ, ಅವಳಪ್ಪ, ಗೆಳೆಯ ಜೋಗಿ ಕುದುರೆ ಸವಾರಿ ಹೋಗಿದ್ದಾಗ ಮಂಜು ಕವಿಯಿತು. ಪಕ್ಕದಲ್ಲೇ ಪ್ರಪಾತ. ಕುದುರೆಗಳು ಬೆದರಿ ನಿಂತವು.

“ಅಣ್ಣಾ, ನನಗೂ ದಾರಿ ಕಾಣದು,” ಎಂದ, ಅಲ್ಲೇ ಹುಟ್ಟಿ ಬೆಳೆದ ಜೋಗಿ.

ರುಕ್ಮಿಣಿ ಕೂತಿದ್ದ ಹೆಣ್ಣುಕುದುರೆ ಗೌರಿ ಮಾತ್ರ ಬೆದರಲಿಲ್ಲ. ಅದು ಕುರುಡು, ರೇಸಿನವರು ಗುಂಡಿಕ್ಕಲಿದ್ದಾಗ ನಾವು ತಂದು ಸಾಕಿದ್ದು. “ಇದಕ್ಕೆ ಹಾಕೋ ಹುಲ್ಲೂ ದಂಡ,” ಎಂದು ಮಾವ ಬೈಯುತ್ತಲೇ ಇದ್ದರು.

ರುಕ್ಮಿಣಿ ಲಗಾಮು ಸಡಿಲಬಿಟ್ಟಳು. ಗೌರಿ ನೆಲ ಮೂಸುತ್ತಾ ನಡೆಯಿತು. ಅದರ ಗೊರಸಿನ ಸದ್ದು ಹಿಡಿದು ನಾವು ಹಿಂಬಾಲಿಸಿದೆವು. ಅದು ನಿಂತದ್ದು ನಮ್ಮ ಲಾಯದ ಬಾಗಿಲಲ್ಲೇ!

ಮಾವ ಇಳಿದು, ರುಮಾಲು ಬಿಚ್ಚಿ ಗೌರಿಯ ಮುಖ ಒರೆಸಿದರು. “ತಪ್ಪಾಯ್ತು ಕಣವ್ವಾ,” ಎಂದರು.

ರುಕ್ಮಿಣಿ ನನ್ನ ಕಿವಿಯಲ್ಲಿ, “ಇಷ್ಟು ವರ್ಷದಲ್ಲಿ ಅಪ್ಪ ನನಗೊಂದು ಸಲವೂ ಹಾಗಂದಿಲ್ಲ,” ಎಂದಳು.