ನಗಲು ಹೇಳುತ್ತಿದ್ದ ದೊಡ್ಡಮ್ಮ

ಕುಳಿತ ಕೂಡಲೇ ದೊಡ್ಡಮ್ಮ ಎಡಗೈಯಿಂದ ತನ್ನ ಬಲಗೈಯನ್ನು ಎತ್ತಿ, ನಿದ್ದೆ ಹೋದ ಮಗುವನ್ನು ಮಲಗಿಸುವ ಹಾಗೆ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಬಳೆ ತೊಡುವಾಗ ಆ ಕೈಗೇ ಎರಡು ಹೆಚ್ಚು. "ಕೆಲಸ ಮಾಡದಿದ್ರೆ ಎಂತ ಆಯ್ತು? ನಂದೇ ಕೈ ಅಲ್ವಾ" ಎನ್ನುತ್ತಿದ್ದಳು.

ಅವಳು ನನ್ನ ಅಮ್ಮನ ಅಕ್ಕ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ದೊಡ್ಡಪ್ಪನದೊಂದು ಸಣ್ಣ ಹೋಟೆಲು. ಚಟ್ನಿ, ಸಾಂಬಾರು, ಗಿರಾಕಿಗಳ ಯೋಗಕ್ಷೇಮ ಎಲ್ಲ ದೊಡ್ಡಮ್ಮನ ಪಾಲಿನದು. ಮನೆಯಲ್ಲಿ ತುಳು, ಹೋಟೆಲಿನಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ಮೂರರಲ್ಲೂ ಅವಳ ಬಾಯಿಗೆ ಬಿಡುವಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ, ಎರಡು ಸಾವಿರದ ಐದರ ಆಸುಪಾಸು, ಒಂದು ಬೆಳಿಗ್ಗೆ ಚಟ್ನಿಯ ಪಾತ್ರೆ ಅವಳ ಕೈಯಿಂದ ಜಾರಿತು. ಮಾತು ತೊದಲಿತು. "ಗ್ಯಾಸ್ ಆಗಿರ್ಬೇಕು, ಸ್ವಲ್ಪ ಮಲಗು" ಎಂದು ದೊಡ್ಡಪ್ಪ ಕೈಗೆ ಎಣ್ಣೆ ತಿಕ್ಕಿದರು. ಸಂಜೆಗೂ ಸರಿಹೋಗದೆ ಆಸ್ಪತ್ರೆಗೆ ಒಯ್ದರೆ ಅಲ್ಲಿ ಮೆದುಳಿನ ಸ್ಕ್ಯಾನ್ ಮಾಡುವ ಯಂತ್ರವೇ ಇಲ್ಲ. ಠಾಣೆ ಊರಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಪಾರ್ಶ್ವವಾಯು ಎಂದರು ಅಲ್ಲಿನ ಡಾಕ್ಟರು. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಇದೆ, ಆದರೆ ಮೊದಲ ಕೆಲವೇ ಗಂಟೆಗಳಲ್ಲಿ ಕೊಡಬೇಕಿತ್ತಂತೆ.

ಮಾತು ಮರಳಲು ವರ್ಷ ಹಿಡಿಯಿತು. ಮೊದಲು ತುಳು ಬಂತು, ಆಮೇಲೆ ಕನ್ನಡ, ಕೊನೆಗೆ ಮರಾಠಿ. ದೊಡ್ಡಪ್ಪ ಎದುರಿಗೆ ಕುಳಿತು, "ನಾನೇ ತಡ ಮಾಡಿದೆ" ಎಂದು ಅಳುತ್ತಿದ್ದರು. ಒಂದು ದಿನ ಅವಳು ಪದಗಳನ್ನು ಹುಡುಕಿ ಹುಡುಕಿ ಹೇಳಿದಳು: "ನಿಮಗೆ... ಯಾರು ಹೇಳಿದ್ರು? ಯಾರೂ... ಹೇಳ್ಲಿಲ್ಲ."

ಆ ಹೇಳುವ ಕೆಲಸವನ್ನು ತಾನೇ ಹಿಡಿದಳು. ಲೋಕಲ್ ರೈಲಿನ ಲೇಡೀಸ್ ಡಬ್ಬಿ, ಅರಿಶಿನ ಕುಂಕುಮಕ್ಕೆ ಕರೆದ ಮನೆ, ಭಜನೆ, ಎಲ್ಲಾದರೂ ಸರಿ, ಪಕ್ಕದವಳ ಕಡೆ ತಿರುಗಿ, "ಸ್ವಲ್ಪ ನಗು ನೋಡುವ" ಎನ್ನುತ್ತಿದ್ದಳು. ಆಕೆ ಗಲಿಬಿಲಿಯಿಂದ ನಕ್ಕರೆ ದೊಡ್ಡಮ್ಮ ಮುಂದುವರಿಸುವಳು: "ಎರಡೂ ಕೈ ಎತ್ತು. ಈಗ ಹೆಸರು ಹೇಳು. ನಗುವಾಗ ಬಾಯಿ ಸೊಟ್ಟ ಆದ್ರೆ, ಒಂದು ಕೈ ಬಿದ್ರೆ, ಮಾತು ತೊದಲಿದ್ರೆ ಮಲಗಿಸ್ಬೇಡ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಓಡು." ಹುಚ್ಚಿ ಎಂದುಕೊಂಡು ಕೆಲವರು ಸೀಟು ಬದಲಿಸುತ್ತಿದ್ದರು. ನನಗೆ ನಾಚಿಕೆ. ದೊಡ್ಡಮ್ಮನಿಗೆ ಮಾತ್ರ ಸಮಾಧಾನ: "ಹೋಗ್ಲಿ ಬಿಡು ಮಾರಾಯ್ತಿ, ಕೇಳಿಸಿಕೊಂಡೇ ಎದ್ದದ್ದು."

ಒಮ್ಮೆ ಶಹಾಡಿನ ಕಾರ್ಮಿಕರ ಚಾಳಿನಲ್ಲಿ ಇದನ್ನೇ ಹೇಳುತ್ತಿದ್ದಾಗ ಒಬ್ಬ ಹೆಂಗಸು ಅವಳನ್ನು ತಡೆದು ಮರಾಠಿಯಲ್ಲಿ ಕೇಳಿದಳು: "ಓಡಿ ಅಂತೀರಿ ಕಾಕು, ಎಲ್ಲಿಗೆ ಓಡುವುದು? ನಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ಏನಿದೆ?"

ದೊಡ್ಡಮ್ಮ ಮರುವಾರವೇ ನನ್ನನ್ನು ಕರೆದುಕೊಂಡು ನಗರಪಾಲಿಕೆಯ ಕಚೇರಿಗೆ ಹೊರಟಳು. ಆರೋಗ್ಯದ ಅಧಿಕಾರಿ ಫೋನು ನೋಡುತ್ತಲೇ ಕೇಳಿಸಿಕೊಂಡರು. ಅವಳ ಮಾತು ನಡುವೆ ನಿಂತಾಗ, "ಬರೆದು ಕೊಡಿ ಆಜಿ, ನೋಡೋಣ" ಎಂದರು. ನಾನು ಬಾಯಿ ಹಾಕಲು ಹೋದೆ. ದೊಡ್ಡಮ್ಮ ನನ್ನ ಮೊಣಕೈ ಹಿಡಿದಳು. ಮರಾಠಿಯಲ್ಲಿ, ನಿಧಾನವಾಗಿ ಹೇಳಿದಳು: "ಸಾಹೇಬ್, ನನ್ನ ಮಾತು ಮುಗಿಯುವವರೆಗೆ... ನೀವು ಕಾಯಬಹುದು. ಮೆದುಳು... ಕಾಯುವುದಿಲ್ಲ."

ಅವರು ಫೋನನ್ನು ಮಗುಚಿ ಇಟ್ಟರು. "ಬೋಲಾ ಆಜಿ, ಹೇಳಿ" ಎಂದರು.

ಅಷ್ಟಕ್ಕೇ ಎಲ್ಲ ಆಗಿಬಿಡಲಿಲ್ಲ. ವರ್ಷಗಟ್ಟಲೆ ಓಡಾಡಿದೆವು. ಇಬ್ಬರು ಡಾಕ್ಟರು ಜೊತೆಗೂಡಿದರು, ಮಹಿಳಾ ಮಂಡಳದವರು ಬಂದರು. ಕೊನೆಗೆ ಪಾಲಿಕೆಯ ಆಸ್ಪತ್ರೆಗೆ ಸ್ಕ್ಯಾನ್ ಯಂತ್ರ ಬಂತು, ಹಗಲು ಹೊತ್ತು ಮಾತ್ರ. ದೊಡ್ಡಮ್ಮ ಮತ್ತೆ ಅದೇ ಕಚೇರಿಯ ಮೆಟ್ಟಿಲು ಹತ್ತಿದಳು. "ರಾತ್ರಿ ಬಂದ ಕಾಯಿಲೆ ಬೆಳಿಗ್ಗೆವರೆಗೆ ಬೆಂಚಿನಲ್ಲಿ ಕೂತಿರ್ತದಾ?" ಎಂದು ಕೇಳಿದಳು. ಅದೂ ಆಗಲು ಇನ್ನೊಂದು ವರ್ಷ ಬೇಕಾಯಿತು.

ಅಷ್ಟರಲ್ಲಿ ನಾನು ಮದುವೆಯಾಗಿ ಕಾಮೋಠೆಯಲ್ಲಿದ್ದೆ. ಒಂದು ಭಾನುವಾರ ಗಂಡ ಚಹಾ ಕುಡಿಯುತ್ತಿದ್ದಾಗ ಚಹಾ ತುಟಿಯ ಒಂದು ಬದಿಯಿಂದ ಅಂಗಿಗೆ ಇಳಿಯಿತು. "ನಿದ್ದೆ ಸಾಲ್ಲಿಲ್ಲ, ಮಲಗ್ತೇನೆ" ಎಂದರು, ನಾಲಿಗೆ ದಪ್ಪಗಾದವರ ಹಾಗೆ.

"ನಗಿ ನೋಡುವ" ಎಂದೆ.

ಅರ್ಧ ಮುಖ ಮಾತ್ರ ನಕ್ಕಿತು.

ಪಕ್ಕದ ಮನೆಯವರ ಕಾರಿನಲ್ಲಿ, ಸ್ಕ್ಯಾನ್ ಇರುವ ಆಸ್ಪತ್ರೆಗೇ ಕರೆದೊಯ್ದೆ. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಮಾತು ಸರಿಯಾದ ಮೇಲೆ ಅವರು ಮೊದಲು ಫೋನು ಮಾಡಿದ್ದು ಡೊಂಬಿವಲಿಗೆ. "ದೊಡ್ಡಮ್ಮ, ನಾನೇ ಮಾತಾಡ್ತಾ ಇರೋದು."

ಆ ಕಡೆಯಿಂದ ಬಿಕ್ಕಿದ್ದು ಕೇಳಿಸಿತು. "ಇನ್ನೊಮ್ಮೆ... ಹೇಳಿ" ಎಂದಳು. ಅವರು ಇನ್ನೊಮ್ಮೆ ಹೇಳಿದರು.

ದೊಡ್ಡಮ್ಮ ಹೋದದ್ದು ಅದರ ಮರುವರ್ಷ, ನಾಲ್ಕು ದಿನದ ಜ್ವರದಲ್ಲಿ. ಚಟ್ಟಕ್ಕೆ ಹೆಗಲು ಕೊಟ್ಟವರಲ್ಲಿ ನನ್ನ ಗಂಡನೂ ಒಬ್ಬರು. ಸ್ಮಶಾನ ದೂರ, ಮಧ್ಯದಲ್ಲಿ ಯಾರಾದರೂ ಹೆಗಲು ಬದಲಿಸಿ ಎಂದು ಹಿರಿಯರು ಹೇಳಿದರು. ಉಳಿದವರು ಬದಲಿಸಿಕೊಂಡರು. ಇವರು ಕೊನೆಯವರೆಗೂ ಬಿಟ್ಟುಕೊಡಲಿಲ್ಲ.