ಹಂಡೆಯ ಗಿಳಿ

ಹೆಂಡತಿ ತೀರಿಕೊಂಡ ಮೇಲೆ ಅವಳ ತಾಮ್ರದ ಹಂಡೆ ತೂತಾಯಿತು. ಗುಜರಿಗೆ ಹಾಕಲಾರದೆ ಅಜ್ಜಂಪುರದ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅವಳು ರಂಗೋಲಿಯಲ್ಲಿ ಬಿಡಿಸುತ್ತಿದ್ದ ಗಿಳಿಯನ್ನು ಅದರಲ್ಲೇ ಕತ್ತರಿಸಿ, ಗೋಡೆಗೆ ಹಾಕುವಂತೆ ಸ್ಟೀಲ್ ತಗಡಿನ ಮೇಲೆ ಕೂರಿಸಿ ಎಂದೆ.

ವೆಲ್ಡಿಂಗಿಗೆ ರೆಕ್ಕೆಯ ತುದಿ ಕರಗಿ ಉದುರಿತು.

“ತಾಮ್ರ ಸ್ಟೀಲಿಗೆ ಕಚ್ಚಲ್ಲ ಕಣ್ ಮೇಷ್ಟ್ರೇ. ಉಳಿದಿದ್ದೂ ಹಾಳಾಯ್ತದೆ, ತಗಂಡೋಗಿ,” ಎಂದರು ಅಂಗಡಿಯ ರುದ್ರಣ್ಣ.

ಹಂಡೆಯ ಉಳಿದ ಕಂಠ ತೋರಿಸಿದೆ. ಅವಳು ಅಷ್ಟು ವರ್ಷ ಎಳೆದಾಡಿದ ಕಬ್ಬಿಣದ ಹಿಡಿ, ತೂತಿನಲ್ಲಿ ತೂರಿಸಿ ಬಡಿದ ರಿವೆಟ್ ಮೊಳೆಗಳ ಬಲದಿಂದ ಇನ್ನೂ ಗಟ್ಟಿಯಾಗಿತ್ತು.

“ಇದನ್ನೇನು ವೆಲ್ಡ್ ಮಾಡಿದಾರಾ ರುದ್ರಣ್ಣ?”

ಅವರು ನಕ್ಕು ಡ್ರಿಲ್ ಎತ್ತಿಕೊಂಡರು. ಸಂಜೆಗೆ ಗಿಳಿ ಕೂತಿತು, ಜಗ್ಗಿದರೂ ಅಲುಗಲಿಲ್ಲ.

“ಗೆದ್ಬಿಟ್ರಿ ಮೇಷ್ಟ್ರೇ! ವಾರ್ನಿಷ್ ಹೊಡೀಲಾ? ತಿಕ್ಕೋ ಕೆಲ್ಸಾನೇ ಇರಲ್ಲ.”

ಬೇಡವೆಂದೆ. ಶುಕ್ರವಾರ ಹುಣಸೆಹಣ್ಣಿನಲ್ಲಿ ತಾಮ್ರ ತಿಕ್ಕುವುದು ಅವಳ ಕೆಲಸವಾಗಿತ್ತು, ಈಗ ನನ್ನದು. ಮರೆತು ಕಿಲುಬು ಹತ್ತಿದರೂ ಚಿಂತೆಯಿಲ್ಲ, ಗಿಳಿ ಹಸಿರೇ ತಾನೇ.