ಕಾದವರ ಸರದಿ

ಮೇಷ್ಟ್ರ ಕನ್ನಡಕದ ಬಲಗಡ್ಡಿ ಮುರಿದಿತ್ತು. ಅದರ ಜಾಗಕ್ಕೆ ಹಳೇ ಕಂಪ್ಯೂಟರಿನಿಂದ ಕಿತ್ತ ಕೆಂಪು ವೈರೊಂದನ್ನು ಕಟ್ಟಿ, ಕಿವಿಗೆ ಸುತ್ತಿಕೊಂಡೇ ನಂಜನಗೂಡಿನ ನಮ್ಮ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ತೊಂಬತ್ತರ ದಶಕದ ಕೊನೆ. ಲ್ಯಾಬ್ ಎಂದರೆ ಲ್ಯಾಬ್ ಅನ್ನಬೇಕು, ಅಷ್ಟೆ. ಇದ್ದದ್ದು ಕೆಲವೇ ಯಂತ್ರಗಳು. ಟಿ. ನರಸೀಪುರದಿಂದ ನನ್ನ ಬಸ್ಸು ಬರುವಷ್ಟರಲ್ಲಿ ಊರಿನ ಹುಡುಗರು ಎಲ್ಲವನ್ನೂ ಹಿಡಿದಿರುತ್ತಿದ್ದರು. ನಾನು ಗೋಡೆಗೊರಗಿ ನಿಲ್ಲುತ್ತಿದ್ದೆ.

ಒಂದು ದಿನ ಮೇಷ್ಟ್ರು ಕಾಲೇಜಿನ ಕಾರ್ಯದರ್ಶಿಯ ತಂಗಿಯ ಮಗನನ್ನೇ ಎಬ್ಬಿಸಿದರು.

“ಸಾ, ನಾನ್ ಮೊದ್ಲು ಬಂದೋನು! ಬಸ್ಸು ಲೇಟಾದ್ರೆ ಡ್ರೈವರ್‌ನ ಕೇಳ್ಲಿ.”

“ನಿನ್ನೆನೂ ನೀನೇ ಮೊದ್ಲು ಬಂದಿದ್ದೆ ಕಣೋ. ಅವ್ಳು ನಿನ್ನೆನೂ ಕಾದವ್ಳೆ. ಏಳು. ಬಾರಮ್ಮ, ಕೂತ್ಕೊ.”

ಅಂದಿನ ಪಾಠವೂ ಅದೇ ಆಗಿತ್ತು. ಯಂತ್ರದೊಳಗೆ ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ತೀರ್ಮಾನಿಸುವುದು ಕರ್ನಲ್, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮು. ಪರದೆಯ ಮೇಲೆ ಕಾಣುವ ಕೆಲಸಗಳಿಗೆ ಅವಸರ ಜಾಸ್ತಿ, ಮಣೆಯೂ ಅವಕ್ಕೇ. ಅವು ಬರುತ್ತಲೇ ಇದ್ದರೆ ಹಿನ್ನೆಲೆಯ ಸಣ್ಣ ಕೆಲಸಕ್ಕೆ ಸರದಿಯೇ ಬರುವುದಿಲ್ಲ. ನಾನು ಬರೆದ ಪ್ರೋಗ್ರಾಮಿನಲ್ಲೂ ಒಂದು ಕೆಲಸ ಹಾಗೇ ನಿಂತಲ್ಲೇ ನಿಂತಿತು.

“ನೋಡು, ಎರರ್ ತೋರ್ಸಲ್ಲ, ಕಿರುಚೋದೂ ಇಲ್ಲ. ಸುಮ್ನೆ ಕಾಯ್ತದೆ. ಅದಕ್ಕೇ, ಕಾದಷ್ಟೂ ಅದರ ದರ್ಜೆ ಏರಿಸ್ತಾ ಹೋಗ್ಬೇಕು” ಎಂದರು. ಏರಿಸಿದೆ. ಕೆಲಸ ಓಡಿತು. ಮಗಳ ಮದುವೆ ಮುಗಿಸಿದವರಂತೆ ಮೇಷ್ಟ್ರು ಉಸಿರು ಬಿಟ್ಟು ನಕ್ಕರು.

ಅವರದು ಹಂಗಾಮಿ ನೌಕರಿ. ಕಾಯಂ ಹುದ್ದೆ ಖಾಲಿಯಾದಾಗಲೆಲ್ಲ ಕಾರ್ಯದರ್ಶಿ, “ನೀವ್ ನಮ್ಮನೆಯವ್ರಂಗೆ ಮೇಷ್ಟ್ರೇ, ಮುಂದಿನ್ ಸಲ ನಿಮ್ದೇ” ಎಂದು ಕಾಫಿ ಕುಡಿಸಿ ಕಳಿಸುತ್ತಿದ್ದರು. ಹುದ್ದೆ ಇನ್ಯಾರದೋ ಪಾಲಾಗುತ್ತಿತ್ತು. ನಾನು ಓದು ಮುಗಿಸಿ ನಮ್ಮೂರಿನಲ್ಲೇ ಕಂಪ್ಯೂಟರ್ ಪಾಠ ಹೇಳತೊಡಗಿದ್ದೆ. ಅಷ್ಟರಲ್ಲಿ ಆ ತಂಗಿಯ ಮಗನೇ ಕಾಯಂ ಆಗಿ ಬಂದು, ಮೇಷ್ಟ್ರ ಮೇಲೆ ಮುಖ್ಯಸ್ಥನಾಗಿ ಕೂತ. ಕೇಳಲು ಹೋದ ಮೇಷ್ಟ್ರಿಗೆ ಕಾರ್ಯದರ್ಶಿಯಿಂದ ಸಿಕ್ಕಿದ್ದು ಇಷ್ಟು: “ಏನ್ಮಾಡಾದು ಮೇಷ್ಟ್ರೇ, ನಿಮ್ಗೆ ವಯಸ್ಸು ಮೀರೋಯ್ತಲ್ಲ.”

ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಇದನ್ನು ನನಗೆ ಹೇಳಿ, ಕೆಂಪು ವೈರನ್ನು ಕಿವಿಗೆ ಸರಿಮಾಡಿಕೊಂಡರು. “ನಿಂಗೆ ಹೇಳ್ಕೊಟ್ಟಿದ್ದು ಸರಿ ಕಣಮ್ಮ. ಇಲ್ಲಿ ಮಾತ್ರ ಕಾದಷ್ಟೂ ಇಳಿಸ್ತಾರೆ.”

ಹಂಗಾಮಿಯಾಗೇ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಮೊದಲು ಕಾರ್ಯದರ್ಶಿ ಮಾತಾಡಿದರು, ಆಮೇಲೆ ಮುಖ್ಯಸ್ಥ. ಇಬ್ಬರೂ ಮೇಷ್ಟ್ರ ತಾಳ್ಮೆಯನ್ನೇ ಹೊಗಳಿದರು. ಮೇಷ್ಟ್ರ ಹೆಂಡತಿ ಹಿಂದೆ ಗೋಡೆಗೊರಗಿ ನಿಂತಿದ್ದರು. ಯಾರೂ ಏಳಲಿಲ್ಲ.

ನಾನು ಎದ್ದೆ. “ಬನ್ನಿ ಅಮ್ಮಾವ್ರೆ, ಕೂತ್ಕೊಳಿ.”